ಗರಡಿಮನೆ, ಅಡುಗೆಮನೆ ಮತ್ತು ವೈರಸ್ಸು

1918ರ ಇನ್‌ಫ್ಲುಯೆಂಜಾ ಸಾವುಗಳ ಲೆಕ್ಕದಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿಗಳಿವೆ. ಸಾಮಾನ್ಯವಾಗಿ ಹಸುಗೂಸುಗಳನ್ನೂ ಮುದುಕರನ್ನೂ ಒಯ್ಯುವ ಫ್ಲೂ ಆ ಸಲ 20ರಿಂದ 40 ವರ್ಷದವರನ್ನು, ಕಲ್ಲು ತಿಂದು ಕರಗಿಸುವ ವಯಸ್ಸಿನವರನ್ನು, ಎಂದಿಲ್ಲದಷ್ಟು ಸಂಖ್ಯೆಯಲ್ಲಿ ಕೊಂದಿತು. ಸೇನಾ ಶಿಬಿರಗಳಲ್ಲಿ ದಿನಾ ಕವಾಯತು ಮಾಡುತ್ತಿದ್ದ ಗಟ್ಟಿಮುಟ್ಟಾದ ಸಿಪಾಯಿಗಳು ಕೆಲವೇ ದಿನಗಳಲ್ಲಿ ಹೆಣವಾದರು. ಇನ್ನೊಂದು ಮುಂಬಯಿ ನಗರದ ಲೆಕ್ಕ. ಅಲ್ಲಿ ಕೆಳಜಾತಿಗಳೆಂದು ದಾಖಲಾಗಿದ್ದ ಬಡವರಲ್ಲಿ ಸಾವಿರಕ್ಕೆ 60ಕ್ಕೂ ಹೆಚ್ಚು ಮಂದಿ ಸತ್ತರೆ, ಯುರೋಪಿಯನ್ನರಲ್ಲಿ ಸತ್ತವರು ಸಾವಿರಕ್ಕೆ 10ಕ್ಕಿಂತ ಕಡಿಮೆ. ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. ಧಾರವಾಡ, ಬೆಳಗಾವಿ, ವಿಜಯಪುರಗಳೂ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ಕಾಳುಕಡಿಗೆ ಬರ ಬಂದಿತ್ತು. ಭಾರತದಲ್ಲಿ ಒಟ್ಟು 1.2 ಕೋಟಿಯಿಂದ 1.8 ಕೋಟಿ ಜನ ಸತ್ತಿರಬೇಕೆಂದು ನಂತರದ ಅಂದಾಜುಗಳು ಹೇಳುತ್ತವೆ.

ಗಟ್ಟಿ ಮೈಯೂ ಉಳಿಯಲಿಲ್ಲ ಎನ್ನುತ್ತದೆ ಮೊದಲ ಲೆಕ್ಕ. ಹಸಿದ ಮೈ ಮೊದಲು ಬಿತ್ತು ಎನ್ನುತ್ತದೆ ಎರಡನೆಯದು. ಎರಡನೆಯದರಲ್ಲಿ ಹಸಿವಿನ ಜೊತೆಗೆ ಇಕ್ಕಟ್ಟಾದ ಚಾಳು, ಆರೈಕೆಗೆ ಜನರಿಲ್ಲದ ಮನೆ ಎಲ್ಲವೂ ಕಲಸಿಕೊಂಡಿವೆ. ನೂರು ವರ್ಷಗಳ ನಂತರ ಕೋವಿಡ್ ಬಂದಾಗ ಈ ಗೊಂದಲವೇ ಹೊಸ ವೇಷದಲ್ಲಿ ಎದ್ದಿತು. ಮನೆಮನೆಯಲ್ಲಿ ಕಷಾಯ ಕುದಿಯಿತು, ‘ಇಮ್ಯುನಿಟಿ ಬೂಸ್ಟರ್’ ಡಬ್ಬಿಗಳು ಔಷಧದಂಗಡಿಯ ಮುಂಗಟ್ಟೆಗೆ ಬಂದವು, ಪ್ರಾಣಾಯಾಮದ ವಿಡಿಯೊಗಳು ಫೋನಿಂದ ಫೋನಿಗೆ ಹಾರಿದವು.

ವ್ಯಾಯಾಮ ಮತ್ತು ಆಹಾರ ವೈರಸ್ಸಿನೆದುರು ನಿಜಕ್ಕೂ ಎಷ್ಟು ಕೆಲಸ ಮಾಡುತ್ತವೆ? ಈ ವಾದ ಬಗೆಹರಿಯದಿರುವುದಕ್ಕೆ ಮುಖ್ಯ ಕಾರಣ, ಜನ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಿರುವುದು. ಸೋಂಕು ತಗಲುವುದೇ ತಪ್ಪುತ್ತದೆಯೇ? ತಗಲಿದ ಮೇಲೆ ಹಗುರಾಗಿ ಹೋಗುತ್ತದೆಯೇ? ಕಾಯಿಲೆಯಲ್ಲಿ ಮಲಗಿರುವಾಗ ಏನು ಮಾಡಬೇಕು? ಮೂರಕ್ಕೂ ಸಿಕ್ಕಿರುವ ಉತ್ತರಗಳು ಬೇರೆ ಬೇರೆ. ಕೆಲವು ಕಡೆ ತದ್ವಿರುದ್ಧ.

ಮಲಗಿದವರು ಉಳಿದರು

ಕಥೆ ಆರಂಭವಾಗುವುದು ವ್ಯಾಯಾಮದ ವಿರುದ್ಧ ಸಾಕ್ಷ್ಯದಿಂದ. ಪೋಲಿಯೊ ವೈರಸ್ ತಗಲಿದವರಲ್ಲಿ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಅಥವಾ ಸಣ್ಣ ಜ್ವರ ಬಂದು ಹೋಗುತ್ತದೆ. ಕೆಲವರಿಗೆ ಮಾತ್ರ ಕೈಕಾಲು ಬೀಳುತ್ತದೆ. ಆ ಕೆಲವರು ಯಾರು? ಆಕ್ಸ್‌ಫರ್ಡ್‌ನ ನರರೋಗ ತಜ್ಞ ರಿಚಿ ರಸೆಲ್ 1940ರ ದಶಕದ ಕೊನೆಯಲ್ಲಿ ರೋಗಿಗಳನ್ನು ಕೂರಿಸಿಕೊಂಡು ಹಿಂದಿನ ದಿನಗಳನ್ನು ಕೆದಕಿ ಕೇಳಿದ. ಕುತ್ತಿಗೆ ಬಿಗಿತ, ತಲೆನೋವು ಕಾಣಿಸಿಕೊಂಡ ಮೇಲೂ ಆಟ, ಈಜು, ದುಡಿಮೆ ಮುಂದುವರಿಸಿದವರಿಗೆ ಪಾರ್ಶ್ವವಾಯು ಭೀಕರವಾಗಿತ್ತು; ತಕ್ಷಣ ಹಾಸಿಗೆ ಹಿಡಿದವರು ಬಹುಮಟ್ಟಿಗೆ ಪಾರಾಗಿದ್ದರು. 1950ರಲ್ಲಿ ಅಮೆರಿಕದ ಯೇಲ್‌ನಲ್ಲಿ ಡೊರೊಥಿ ಹೋರ್ಸ್ಟ್‌ಮನ್ ಇದೇ ನಂಟನ್ನು ಕಂಡಳು. ಪೋಲಿಯೊ ವೈರಸ್ ನರಕ್ಕೆ ಇಳಿಯುವ ಮುನ್ನ ರಕ್ತದಲ್ಲಿ ಓಡಾಡುತ್ತದೆ ಎಂಬುದನ್ನು ಎರಡು ವರ್ಷಗಳ ನಂತರ ತೋರಿಸಿದವಳೂ ಅವಳೇ.

1970ರಲ್ಲಿ ಡೆಟ್ರಾಯಿಟ್‌ನ ವಿಜ್ಞಾನಿಗಳು ಈ ಶಂಕೆಯನ್ನು ನೀರಿಗಿಳಿಸಿ ನೋಡಿದರು. ಹೃದಯದ ಸ್ನಾಯುವಿಗೆ ಉರಿಯೂತ ತರುವ ಕಾಕ್ಸಾಕಿ ಬಿ3 ಎಂಬ ವೈರಸ್ಸನ್ನು ಚಿಟ್ಟಿಲಿಗಳಿಗೆ ಚುಚ್ಚಿ, ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ದಿನವೂ ಈಜಿಸಿದರು. ಸುಮ್ಮನೆ ಗೂಡಿನಲ್ಲಿದ್ದ ಸೋಂಕಿತ ಇಲಿಗಳಿಗೆ ಹೋಲಿಸಿದರೆ ಈಜಿದವುಗಳ ಹೃದಯದಲ್ಲಿ ವೈರಸ್ ನೂರಾರು ಪಟ್ಟು ಹೆಚ್ಚಿತ್ತು. ಈ ವೈರಸ್ಸಿನ ಹೆಸರನ್ನು ನೆನಪಿಡಬೇಕು. ಮುಂದೆ ಇದು ಇನ್ನೊಂದು ಇಲಿಯ ಮೈಯಲ್ಲಿ ಸಿಗುತ್ತದೆ.

ಈ ಭಾಗದಲ್ಲಿ ಈಗ ಹೆಚ್ಚು ಜಗಳವಿಲ್ಲ. ಜ್ವರ, ಮೈಕೈನೋವು, ಎದೆಯಲ್ಲಿ ತೊಂದರೆ ಇರುವಾಗ ಕಸರತ್ತು ಕೂಡದು. ಕೋವಿಡ್ ಬಂದುಹೋದ ಅಮೆರಿಕದ ಕಾಲೇಜು ಕ್ರೀಡಾಪಟುಗಳಲ್ಲಿ 1,597 ಮಂದಿಯ ಹೃದಯವನ್ನು ಎಂಆರ್‌ಐನಲ್ಲಿ ನೋಡಿದಾಗ 37 ಜನರಲ್ಲಿ ಸ್ನಾಯುವಿನ ಉರಿಯೂತ ಕಂಡಿತ್ತು, ಅದರಲ್ಲೂ ಹೆಚ್ಚಿನವರಿಗೆ ಹೃದಯದ ತೊಂದರೆಯ ಯಾವ ಲಕ್ಷಣವೂ ಇರಲಿಲ್ಲ. ‘ಬೆವರು ಹರಿದರೆ ಜ್ವರ ಬಿಡುತ್ತದೆ’ ಎಂದು ಜಿಮ್ಮಿಗೆ ಹೊರಡುವವರು ಗಮನಿಸಬೇಕಾದ ಲೆಕ್ಕವಿದು.

ಮ್ಯಾರಥಾನ್ ಓಟಗಾರರ ನೆಗಡಿ

ಆರೋಗ್ಯವಾಗಿರುವಾಗ ಮಾಡುವ ವ್ಯಾಯಾಮದ ವಿಚಾರ ಬೇರೆ. 1982ರಲ್ಲಿ ಕೇಪ್‌ಟೌನ್‌ನ 56 ಕಿ.ಮೀ. ಓಟದ ನಂತರ ಇಬ್ಬರು ಸಂಶೋಧಕರು 150 ಓಟಗಾರರನ್ನೂ ಅವರದೇ ಮನೆಗಳಲ್ಲಿದ್ದ ಓಡದವರನ್ನೂ ಎರಡು ವಾರ ಹಿಂಬಾಲಿಸಿದರು. ಓಟಗಾರರಲ್ಲಿ ಶೇ 33ರಷ್ಟು ಮಂದಿಗೆ ಗಂಟಲುನೋವು, ನೆಗಡಿ. ಓಡದವರಲ್ಲಿ ಶೇ 15. ಐದು ವರ್ಷದ ನಂತರ ಲಾಸ್ ಏಂಜಲೀಸ್ ಮ್ಯಾರಥಾನ್‌ನಲ್ಲಿ ಡೇವಿಡ್ ನೀಮನ್ 2,311 ಮಂದಿಯನ್ನು ವಿಚಾರಿಸಿದ. ಓಡಿದ ವಾರದಲ್ಲಿ ಕಾಯಿಲೆ ಬಿದ್ದವರು ಶೇ 12.9. ಅಷ್ಟೇ ತಯಾರಿ ನಡೆಸಿಯೂ ಬೇರೆ ಕಾರಣಕ್ಕೆ ಓಡದೆ ಉಳಿದವರಲ್ಲಿ ಶೇ 2.2.

ಇದರಿಂದ ಹುಟ್ಟಿದ್ದು ಇಂಗ್ಲಿಷಿನ ಜೆ ಅಕ್ಷರದ ಆಕಾರದ ನಕ್ಷೆ. ಕುಳಿತೇ ಇರುವವನಿಗೆ ಸೋಂಕಿನ ಅಪಾಯ ಸಾಧಾರಣ, ಮಿತವಾಗಿ ವ್ಯಾಯಾಮ ಮಾಡುವವನಿಗೆ ಅದಕ್ಕಿಂತ ಕಡಿಮೆ, ಮಿತಿಮೀರಿ ದಣಿಯುವವನಿಗೆ ಎಲ್ಲರಿಗಿಂತ ಹೆಚ್ಚು. ಕಾರಣ ಕೊಟ್ಟಿದ್ದು ಕೋಪನ್‌ಹೇಗನ್‌ನ ಬೆಂಟೆ ಪೆಡರ್ಸನ್ ಮತ್ತಿತರರು: ತೀವ್ರ ವ್ಯಾಯಾಮದ ನಂತರ ಕೆಲವು ಗಂಟೆ ರಕ್ತದಲ್ಲಿ ಬಿಳಿ ರಕ್ತಕಣಗಳು, ಅದರಲ್ಲೂ ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಬಗೆಯವು, ದಿಢೀರನೆ ಇಳಿಯುತ್ತವೆ, ಆಗ ವೈರಸ್ಸಿಗೆ ಕಿಟಕಿ ತೆರೆದಂತೆ. ‘ತೆರೆದ ಕಿಟಕಿ’ ಎಂಬ ಹೆಸರು ಕ್ರೀಡಾ ವೈದ್ಯರ ನಾಲಗೆಯ ಮೇಲೆ ಮೂರು ದಶಕ ಓಡಾಡಿತು.

2018ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಜಾನ್ ಕ್ಯಾಂಬೆಲ್ ಮತ್ತು ಜೇಮ್ಸ್ ಟರ್ನರ್ ಈ ಕಿಟಕಿಯೇ ಕಟ್ಟುಕತೆ ಎಂದು ಬರೆದರು. ಅವರ ವಾದಕ್ಕೆ ಎರಡು ಕಾಲುಗಳು. ಒಂದು, ಓಟಗಾರರು ‘ನೆಗಡಿ’ ಎಂದು ಹೇಳಿಕೊಂಡರೇ ಹೊರತು ಯಾರ ಮೂಗನ್ನೂ ಪರೀಕ್ಷೆ ಮಾಡಿರಲಿಲ್ಲ. ಆಸ್ಟ್ರೇಲಿಯದಲ್ಲಿ ಕ್ರೀಡಾಪಟುಗಳ ಮೂಗು ಗಂಟಲಿನ ದ್ರವವನ್ನು ನಿಜವಾಗಿ ತಪಾಸಣೆ ಮಾಡಿದ 2007ರ ಅಧ್ಯಯನದಲ್ಲಿ ಮೂರನೇ ಒಂದರಷ್ಟು ಪ್ರಕರಣಗಳಲ್ಲೂ ಸೋಂಕು ಸಿಗಲಿಲ್ಲ. ಉಳಿದದ್ದು ಒಣಗಾಳಿ, ಅಲರ್ಜಿ, ಗಂಟೆಗಟ್ಟಲೆ ಬಾಯಲ್ಲಿ ಉಸಿರೆಳೆದ ಉರಿ ಇದ್ದೀತು. ಎರಡು, ಕಾಣೆಯಾದ ರಕ್ತಕಣಗಳು ಸತ್ತಿರಲಿಲ್ಲ. ಗುರುತು ಹಚ್ಚಿದ ಕಣಗಳನ್ನು ಇಲಿಯ ಮೈಗೆ ಬಿಟ್ಟು ಓಡಿಸಿದಾಗ ಅವು ರಕ್ತದಿಂದ ಶ್ವಾಸಕೋಶ, ಕರುಳು, ಮೂಳೆಮಜ್ಜೆಗಳಿಗೆ ಹೋಗಿ ನಿಂತಿದ್ದು ಕಂಡಿತ್ತು. ವ್ಯಾಯಾಮ ಆರಂಭಿಸಿದ ಕೆಲವೇ ನಿಮಿಷದಲ್ಲಿ ಅಡ್ರಿನಲಿನ್ ಈ ಕಣಗಳನ್ನು ರಕ್ತನಾಳಗಳ ಗೋಡೆಯಿಂದ ಬಿಡಿಸಿ ಹರಿವಿಗೆ ತಳ್ಳುತ್ತದೆ. ಆಮೇಲೆ ಅವು ವೈರಸ್ ಬರುವ ದಾರಿಗಳಿಗೆ ಹಂಚಿಹೋಗುತ್ತವೆ. ಹಳೆಯ ವಿಜ್ಞಾನಿಗಳು ರಕ್ತದಲ್ಲಿ ಹುಡುಕಿ, ಇಲ್ಲ ಎಂದಿದ್ದರು.

ಎದುರಾಳಿಗಳ ಕೈಯೂ ಬರಿದಾಗಿರಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಫ್ಲೂ ಸೋಂಕು ತಗಲಿಸಿದ ಇಲಿಗಳಲ್ಲಿ ದಿನಕ್ಕೆ ಅರ್ಧ ಗಂಟೆಯೊಳಗೆ ಓಡಿದವು ಹೆಚ್ಚು ಬದುಕಿದವು, ಎರಡೂವರೆ ಗಂಟೆ ಓಡಿದವಕ್ಕೆ ಆ ಲಾಭ ದಕ್ಕಲಿಲ್ಲ. ಅಲ್ಲಿ ‘ನೆಗಡಿ’ ಎಂದು ಹೇಳಿಕೊಳ್ಳುವ ಮಾತೇ ಇಲ್ಲ. ನಿದ್ದೆಗೆಟ್ಟ ಪ್ರಯಾಣ, ಆತಂಕ, ಸಾವಿರಾರು ಜನರ ಗುಂಪು ಇವೆಲ್ಲ ಮ್ಯಾರಥಾನಿನ ಜೊತೆಗೇ ಬರುತ್ತವೆ ಎಂಬುದನ್ನು ಎರಡೂ ಬಣ ಒಪ್ಪುತ್ತವೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಕಿಟಕಿ ಪಕ್ಷ ಮೊದಲಿನ ಬಲದಲ್ಲಿಲ್ಲ. ಪೂರ್ತಿ ಸೋತೂ ಇಲ್ಲ. ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆಯುವ ಸಾಮಾನ್ಯರಿಗೆ ಈ ಜಗಳದಿಂದ ಆಗಬೇಕಾದ್ದು ಏನೂ ಇಲ್ಲ.

ನಡೆಯುವವರು, ಕುಳಿತವರು

ಜೆ ನಕ್ಷೆಯ ತಗ್ಗು ಭಾಗ, ಅಂದರೆ ಮಿತ ವ್ಯಾಯಾಮದ ಲಾಭ, ಹೆಚ್ಚು ಜನರಿಗೆ ಸಂಬಂಧಿಸಿದ್ದು. ನೀಮನ್ ತಂಡ ಸುಮಾರು ಸಾವಿರ ವಯಸ್ಕರನ್ನು 12 ವಾರ ಗಮನಿಸಿ 2011ರಲ್ಲಿ ವರದಿ ಮಾಡಿತು: ವಾರಕ್ಕೆ ಐದು ಅಥವಾ ಹೆಚ್ಚು ದಿನ ವ್ಯಾಯಾಮ ಮಾಡುವವರು ಶೀತದಲ್ಲಿ ಕಳೆದ ದಿನಗಳು, ಮಾಡದವರಿಗಿಂತ ಶೇ 43 ಕಡಿಮೆ. ಕ್ಯಾಲಿಫೋರ್ನಿಯದ ಕೈಸರ್ ಪರ್ಮನೆಂಟೆ ಆರೋಗ್ಯ ಸಂಸ್ಥೆ ಕೋವಿಡ್ ಬಂದ 48,440 ಜನರ ಹಳೆಯ ಕಡತ ತೆಗೆಯಿತು. ಅಲ್ಲಿ ಪ್ರತಿ ಭೇಟಿಯಲ್ಲೂ ರಕ್ತದೊತ್ತಡದಂತೆಯೇ ವ್ಯಾಯಾಮದ ನಿಮಿಷಗಳನ್ನೂ ಕೇಳಿ ಬರೆದಿಡುವ ರೂಢಿ. ವಾರಕ್ಕೆ 150 ನಿಮಿಷ ಮೀರಿದವರಿಗೆ ಹೋಲಿಸಿದರೆ ಕುಳಿತೇ ಇದ್ದವರು ಆಸ್ಪತ್ರೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು, ಸಾಯುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು.

ಅಂಕಿ ದೊಡ್ಡದು, ಆದರೆ ಇಲ್ಲೊಂದು ಹಳೆಯ ತೊಡಕಿದೆ. ಆರೋಗ್ಯವಾಗಿರುವವರೇ ವ್ಯಾಯಾಮ ಮಾಡುತ್ತಾರೆ. ಮಂಡಿ ನೋವಿನವರು, ಉಬ್ಬಸದವರು, ಎರಡು ಪಾಳಿ ದುಡಿಯುವವರು ಮಾಡುವುದಿಲ್ಲ. ಸಂಶೋಧಕರು ವಯಸ್ಸು, ಸಕ್ಕರೆ ಕಾಯಿಲೆ, ತೂಕ ಎಲ್ಲವನ್ನೂ ಲೆಕ್ಕದಲ್ಲಿ ಸರಿದೂಗಿಸುತ್ತಾರಾದರೂ ಕಣ್ಣಿಗೆ ಬೀಳದ ವ್ಯತ್ಯಾಸಗಳು ಉಳಿದೇ ಉಳಿಯುತ್ತವೆ. ಹಾಗಾಗಿ ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗಗಳೇ ಗಟ್ಟಿ ಸಾಕ್ಷ್ಯ. ಅಂಥ 14 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕೊಕ್ರೇನ್ ಸಂಸ್ಥೆಯ 2020ರ ಸಮೀಕ್ಷೆಗೆ ಸಿಕ್ಕ ಫಲ ಕುತೂಹಲಕರ: ವ್ಯಾಯಾಮದಿಂದ ಶೀತ ಬರುವ ಸಲಗಳು ಕಡಿಮೆಯಾದಂತೆ ಕಾಣಲಿಲ್ಲ, ಬಂದದ್ದರ ತೀವ್ರತೆ ಸ್ವಲ್ಪ ಇಳಿದಂತೆ ಕಂಡಿತು. ಸಾಕ್ಷ್ಯದ ಬಲ ಕಡಿಮೆ ಎಂದೂ ಅದು ಸೇರಿಸಿತು. ಇದು ಕೋವಿಡ್ ಕಡತಗಳ ದಿಕ್ಕಿಗೇ ಹೊಂದುತ್ತದೆ. ವ್ಯಾಯಾಮ ವೈರಸ್ಸನ್ನು ಬಾಗಿಲಲ್ಲಿ ತಡೆಯುತ್ತದೆ ಎನ್ನಲು ಆಧಾರ ತೆಳು. ಒಳಗೆ ಬಂದ ಮೇಲೆ ಮೈ ತಾಳಿಕೊಳ್ಳುತ್ತದೆ ಎನ್ನಲು ಆಧಾರ ಅದಕ್ಕಿಂತ ಮೇಲು.

ಹೇಗೆ ತಾಳಿಕೊಳ್ಳುತ್ತದೆ? ಒಂದು ವಿವರಣೆ ಸ್ನಾಯುಗಳದ್ದು. ದುಡಿಯುವ ಸ್ನಾಯು ಉರಿಯೂತವನ್ನು ಹದಕ್ಕೆ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ ಎಂದು ತೋರಿಸಿದವರೂ ಪೆಡರ್ಸನ್ ತಂಡದವರೇ. ಕೋವಿಡ್‌ನಲ್ಲಿ ಅನೇಕರನ್ನು ಕೊಂದದ್ದು ವೈರಸ್ಸಿಗಿಂತ ಹತೋಟಿ ತಪ್ಪಿದ ಉರಿಯೂತ ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಇನ್ನೊಂದು ವಿವರಣೆ ವಯಸ್ಸಿನದ್ದು. ಎದೆಗೂಡಿನೊಳಗಿನ ಥೈಮಸ್ ಗ್ರಂಥಿ ಟಿ ಕಣಗಳೆಂಬ ಹೊಸ ಬಿಳಿ ರಕ್ತಕಣಗಳನ್ನು ತಯಾರಿಸುತ್ತದೆ, ಹರೆಯ ದಾಟಿದಂತೆ ಕುಗ್ಗುತ್ತದೆ. ಬ್ರಿಟನ್ನಿನಲ್ಲಿ ದಶಕಗಳಿಂದ ದೂರದೂರ ಸೈಕಲ್ ತುಳಿಯುತ್ತಿದ್ದ 55ರಿಂದ 79 ವರ್ಷದ 125 ಜನರ ರಕ್ತ ನೋಡಿದಾಗ, ಹೊಸ ಟಿ ಕಣಗಳ ಹುಟ್ಟು ಹರೆಯದವರ ಮಟ್ಟದಲ್ಲೇ ಇತ್ತು. ಆದರೆ ಆ ಸೈಕಲ್ ಸವಾರರಿಗೆ ಜ್ವರ ಕಡಿಮೆ ಬಂತೇ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ.

ಮೂರನೆಯ ವಿವರಣೆ ಇವೆರಡಕ್ಕೂ ಸ್ವಲ್ಪ ಇರುಸುಮುರುಸು ತರುವಂಥದ್ದು. ವಿಸ್ಕಾನ್ಸಿನ್‌ನಲ್ಲಿ 50 ದಾಟಿದ 149 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ವ್ಯಾಯಾಮ, ಇನ್ನೊಂದಕ್ಕೆ ಧ್ಯಾನ ಕಲಿಸಿ, ಮೂರನೆಯದನ್ನು ಅದರ ಪಾಡಿಗೆ ಬಿಟ್ಟರು. ಆ ಚಳಿಗಾಲದಲ್ಲಿ ಸುಮ್ಮನಿದ್ದವರಿಗೆ 40 ಸಲ ಶೀತ ಬಂತು, ವ್ಯಾಯಾಮದವರಿಗೆ 26, ಧ್ಯಾನದವರಿಗೆ 27. ಅಲುಗಾಡದೆ ಕೂತವರೂ ಓಡಿದವರಷ್ಟೇ ಪಡೆದರು! ಶೆಲ್ಡನ್ ಕೋಹೆನ್ ಎಂಬ ಮನೋವಿಜ್ಞಾನಿ ಆರೋಗ್ಯವಂತರ ಮೂಗಿಗೆ ನೆಗಡಿ ವೈರಸ್ಸಿನ ಹನಿ ಬಿಟ್ಟು ನೋಡಿದಾಗ, ರಾತ್ರಿ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ, ಏಳು ಗಂಟೆ ಮೀರಿ ಮಲಗಿದವರಿಗಿಂತ ನಾಲ್ಕು ಪಟ್ಟು ಹೆಚ್ಚು ನೆಗಡಿಯಾಗಿತ್ತು. ವ್ಯಾಯಾಮದ ಪುಣ್ಯದಲ್ಲಿ ಒಂದು ಪಾಲು ಅದು ತರುವ ನಿದ್ದೆ, ನೆಮ್ಮದಿಗೆ ಸೇರಬೇಕಾದ್ದೇ ಇರಬಹುದು.

ಒಂದು ಚಮಚ ವಿಟಮಿನ್ ಎ

ಅಡುಗೆಮನೆಯ ಕಥೆ ಇನ್ನಷ್ಟು ಹಳೆಯದು, ಇನ್ನಷ್ಟು ನಮ್ಮ ಹತ್ತಿರದ್ದು. 1920ರ ದಶಕದಲ್ಲಿ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತ್ಯಗಳ ಊಟ ಬಡಿಸಿದ. ಗೋಧಿ ರೊಟ್ಟಿ, ಹಾಲು, ಬೇಳೆ, ಸೊಪ್ಪಿನ ಪಂಜಾಬಿ ಊಟದ ಇಲಿಗಳು ಕೊಬ್ಬಿ ಬೆಳೆದವು. ಪಾಲಿಶ್ ಅಕ್ಕಿಯೇ ಪ್ರಧಾನವಾದ ಮದರಾಸಿನ ಬಡವರ ಊಟದ ಇಲಿಗಳು ಸೊರಗಿ ಕಾಯಿಲೆ ಬಿದ್ದವು. ಅವನ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಬುನಾದಿಯಾಯಿತು.

1928ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲಾನ್ಬಿ ವಿಟಮಿನ್ ಎ ಸೋಂಕು ತಡೆಯುತ್ತದೆ ಎಂದ. ನಾಲ್ಕು ವರ್ಷದ ನಂತರ ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್ ದಡಾರ ಬಂದ 600 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಅದನ್ನು ಕೊಟ್ಟ. ಕೊಡದವರಲ್ಲಿ 26 ಮಕ್ಕಳು ಸತ್ತರು, ಕೊಟ್ಟವರಲ್ಲಿ 11. ಈ ಫಲಿತಾಂಶ ಅರ್ಧ ಶತಮಾನ ಕಪಾಟಿನಲ್ಲಿ ಧೂಳು ತಿಂದಿತು, ಏಕೆಂದರೆ ಅಷ್ಟರಲ್ಲಿ ಸಲ್ಫಾ ಮಾತ್ರೆಗಳು, ಆಮೇಲೆ ಪೆನಿಸಿಲಿನ್ ಬಂದು ವೈದ್ಯರ ಗಮನ ಅತ್ತ ಹೊರಳಿತು. 1980ರ ದಶಕದಲ್ಲಿ ಕಣ್ಣಿನ ವೈದ್ಯ ಆಲ್ಫ್ರೆಡ್ ಸೊಮರ್ ಇಂಡೊನೇಷ್ಯಾದ ಹಳ್ಳಿಗಳ ಇರುಳುಗುರುಡಿನ ಮಕ್ಕಳ ದಾಖಲೆಗಳನ್ನು ನೋಡುತ್ತ, ಅವರು ಕುರುಡಾಗುವ ಮುನ್ನವೇ ದಡಾರ, ಭೇದಿಯಿಂದ ಸಾಯುತ್ತಿದ್ದುದನ್ನು ಗಮನಿಸಿದ. ಅಲ್ಲಿನ ಆಚೆ ಎಂಬ ಪ್ರಾಂತ್ಯದಲ್ಲಿ ಆರು ತಿಂಗಳಿಗೊಮ್ಮೆ ಕೊಟ್ಟ ವಿಟಮಿನ್ ಎ, ಮಕ್ಕಳ ಸಾವನ್ನು ಶೇ 34 ಇಳಿಸಿತೆಂದು 1986ರಲ್ಲಿ ಪ್ರಕಟಿಸಿದ. ಹಲವರು ನಂಬಲಿಲ್ಲ. 1990ರಲ್ಲಿ ಕೇಪ್‌ಟೌನ್ ಆಸ್ಪತ್ರೆಯೊಂದರಲ್ಲಿ ದಡಾರ ಉಲ್ಬಣಿಸಿದ್ದ 189 ಮಕ್ಕಳ ಮೇಲೆ ಪರೀಕ್ಷೆ ನಡೆಯಿತು: ಬರೀ ಹುಸಿ ಔಷಧ ಪಡೆದ 97ರಲ್ಲಿ 10 ಸಾವು, ವಿಟಮಿನ್ ಪಡೆದ 92ರಲ್ಲಿ ಎರಡು. ದಡಾರದ ಚಿಕಿತ್ಸೆಯಲ್ಲಿ ವಿಟಮಿನ್ ಎ ಇಂದಿಗೂ ಪ್ರಶ್ನಾತೀತ.

ಆದರೆ ಎಲ್ಲ ಮಕ್ಕಳಿಗೂ ಮೊದಲೇ ಕೊಡಬೇಕೇ? ಇಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಅದೇ 1990ರಲ್ಲಿ ತಮಿಳುನಾಡಿನ 15,000 ಮಕ್ಕಳಿಗೆ ವಾರವಾರ ಸಣ್ಣ ಪ್ರಮಾಣ ಕೊಟ್ಟ ಅಧ್ಯಯನ ಸಾವು ಶೇ 54 ಇಳಿಯಿತೆಂದಿತು. ಹೈದರಾಬಾದಿನ ಪೋಷಣಾ ಸಂಸ್ಥೆ ತನ್ನ ಸುತ್ತಲಿನ ಹಳ್ಳಿಗಳಲ್ಲಿ ಆರು ತಿಂಗಳಿಗೊಮ್ಮೆ ಕೊಟ್ಟು ಯಾವ ವ್ಯತ್ಯಾಸವೂ ಇಲ್ಲವೆಂದಿತು. ಉತ್ತರ ಪ್ರದೇಶದ ಅಂಗನವಾಡಿಗಳ ಮೂಲಕ ಹತ್ತು ಲಕ್ಷ ಮಕ್ಕಳ ಮೇಲೆ ನಡೆದ ದೇವ್ತಾ ಎಂಬ ಅಧ್ಯಯನದ ಫಲ 2013ರಲ್ಲಿ ಹೊರಬಂತು: ಸಾವಿನಲ್ಲಿ ಇಳಿಕೆ ಶೇ 4, ಅದೂ ಆಕಸ್ಮಿಕವಲ್ಲ ಎನ್ನಲಾಗದಷ್ಟು ಸಣ್ಣದು. ಔಷಧ ನಿಜಕ್ಕೂ ಅಷ್ಟು ಮಕ್ಕಳ ಬಾಯಿಗೆ ಬಿದ್ದಿತೇ ಎಂದು ಸೊಮರ್ ಬಣ ಪ್ರಶ್ನಿಸಿತು. ಇನ್ನೊಂದು ಬಣದ ಉತ್ತರ ಬೇರೆ: ದಡಾರದ ಲಸಿಕೆ ಹರಡಿದ ಮೇಲೆ, ಕೊರತೆ ತಗ್ಗಿದ ಮೇಲೆ, ವಿಟಮಿನ್ನಿಗೆ ಉಳಿಸಲು ಅಷ್ಟು ಸಾವುಗಳೇ ಉಳಿದಿರಲಿಲ್ಲ.

ಕರ್ನಾಟಕದ ತಾಯಂದಿರಿಗೆ ಈ ವಾದದ ಭೌತಿಕ ರೂಪ ಪರಿಚಿತ. ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆಯ ಜೊತೆ, ಗೆರೆ ಹಾಕಿದ ಪುಟ್ಟ ಪ್ಲಾಸ್ಟಿಕ್ ಚಮಚದಲ್ಲಿ ಹಳದಿ ಬಣ್ಣದ ಜಿಡ್ಡು ಸಿರಪ್ಪು. ಮೊದಲ ಸಲ ಒಂದು ಮಿಲಿಲೀಟರ್, ಅಂದರೆ ಒಂದು ಲಕ್ಷ ಯೂನಿಟ್. ಆಮೇಲೆ ಐದು ವರ್ಷದವರೆಗೆ ಆರಾರು ತಿಂಗಳಿಗೆ ಎರಡೆರಡು ಲಕ್ಷ. ಈ ಚಮಚ ಎಲ್ಲ ಮಕ್ಕಳಿಗೂ ಮುಂದುವರಿಯಬೇಕೋ, ಕೊರತೆಯಿರುವ ಪ್ರದೇಶಗಳಿಗೆ ಮಾತ್ರ ಸಾಕೋ ಎಂದು ದೇಶದ ಪೋಷಣಾ ತಜ್ಞರು ಈಗಲೂ ವಾದಿಸುತ್ತಿದ್ದಾರೆ.

ತುಂಬಿದ ಕೊಡಕ್ಕೆ ಮತ್ತೆ ನೀರು

ಕೊರತೆ ತುಂಬಿದರೆ ಲಾಭ, ಸರಿ. ಕೊರತೆಯಿಲ್ಲದವರು ಹೆಚ್ಚುವರಿ ನುಂಗಿದರೆ? ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ 1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಪುಸ್ತಕ ಬರೆದು, ದಿನಕ್ಕೆ ಗ್ರಾಂ ಲೆಕ್ಕದಲ್ಲಿ ತಿನ್ನಿ ಎಂದ. ಒಂದು ಸೀಬೆಹಣ್ಣಿನಲ್ಲಿ ವಯಸ್ಕನೊಬ್ಬನ ದಿನದ ಅಗತ್ಯ ಮುಗಿದುಹೋಗುತ್ತದೆ. ಪಾಲಿಂಗ್ ಹೇಳಿದ್ದು ಅದರ ಹತ್ತಾರು ಪಟ್ಟು. ಹನ್ನೊಂದು ಸಾವಿರ ಜನರಿದ್ದ 29 ಪ್ರಯೋಗಗಳನ್ನು ಫಿನ್ಲೆಂಡಿನ ಹಾರಿ ಹೆಮಿಲಾ 2013ರಲ್ಲಿ ಒಟ್ಟಿಗೆ ತೂಗಿದ. ದಿನಾ ಸಿ ನುಂಗಿದ ಸಾಮಾನ್ಯರಿಗೆ ನೆಗಡಿ ಬರುವುದು ತಪ್ಪಲಿಲ್ಲ. ಬಂದದ್ದು ದೊಡ್ಡವರಲ್ಲಿ ಶೇ 8ರಷ್ಟು, ಮಕ್ಕಳಲ್ಲಿ ಶೇ 14ರಷ್ಟು ಬೇಗ ಹೋಯಿತು. ಆದರೆ ಒಂದು ಗುಂಪು ಈ ಸಾಲಿನಿಂದ ಎದ್ದು ನಿಂತಿತು: ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಜಾರುವ ಕ್ರೀಡಾಪಟುಗಳು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು, ಒಟ್ಟು 598 ಮಂದಿ. ಇವರಲ್ಲಿ ನೆಗಡಿ ಅರ್ಧಕ್ಕೆ ಇಳಿದಿತ್ತು. ಗರಡಿಮನೆಯೂ ಅಡುಗೆಮನೆಯೂ ಕೈಕುಲುಕುವ ಅಪರೂಪದ ಜಾಗವಿದು. ಮೈ ವಿಪರೀತ ದಣಿದಾಗ ಸಿ ಬೇಗ ಖರ್ಚಾಗುತ್ತದೆ, ಅಲ್ಲಿ ಹೆಚ್ಚುವರಿ ಎಂಬುದು ಹೆಚ್ಚುವರಿಯಾಗಿ ಉಳಿಯುವುದಿಲ್ಲ ಎಂದು ಊಹಿಸಲಾಗಿದೆ.

ವಿಟಮಿನ್ ಡಿಯದು ಏರಿ ಇಳಿದ ಕಥೆ. 2017ರಲ್ಲಿ ಏಡ್ರಿಯನ್ ಮಾರ್ಟಿನೋ ತಂಡ 25 ಪ್ರಯೋಗಗಳನ್ನು ಕೂಡಿಸಿ, ತೀರಾ ಕೊರತೆಯಿರುವವರಿಗೆ ದಿನವೂ ಸಣ್ಣ ಪ್ರಮಾಣ ಕೊಟ್ಟರೆ ಉಸಿರಾಟದ ಸೋಂಕು ಇಳಿಯುತ್ತದೆ ಎಂದಿತು. ಕೋವಿಡ್ ಕಾಲದಲ್ಲಿ ನಾರ್ವೆಯ 34,000ಕ್ಕೂ ಹೆಚ್ಚು ಜನ ಚಳಿಗಾಲವಿಡೀ ಕಾಡ್ ಮೀನಿನ ಎಣ್ಣೆಯನ್ನೋ ಹುಸಿ ಎಣ್ಣೆಯನ್ನೋ ಕುಡಿದರು, ವ್ಯತ್ಯಾಸ ಕಾಣಲಿಲ್ಲ. ಹೊಸ ಪ್ರಯೋಗಗಳು ಸೇರುತ್ತ ಹೋದಂತೆ ಲಾಭ ಕರಗಿ, 2025ರ ಒಟ್ಟುಲೆಕ್ಕದಲ್ಲಿ ಖಚಿತ ಎನ್ನಲಾಗದ ಮಟ್ಟಕ್ಕೆ ಬಂತು. ಸತುವಿನದೂ ಇದೇ ಹಾದಿ. ಭೇದಿಯಾದ ಮಕ್ಕಳಿಗೆ ಒಆರ್‌ಎಸ್ ಜೊತೆ ಸತು ಕೊಟ್ಟರೆ ಬೇಗ ಗುಣ ಎಂಬುದಕ್ಕೆ ದೆಹಲಿಯ ಬಡ ಬಡಾವಣೆಗಳಲ್ಲಿ 1990ರ ದಶಕದಲ್ಲೇ ಸಾಕ್ಷ್ಯ ಸಿಕ್ಕಿತ್ತು. ಅಮೆರಿಕದಲ್ಲಿ ಕೋವಿಡ್ ರೋಗಿಗಳಿಗೆ ಸತು, ಸಿ ಎರಡನ್ನೂ ಭಾರೀ ಪ್ರಮಾಣದಲ್ಲಿ ಕೊಟ್ಟ 214 ಜನರ ಪ್ರಯೋಗವನ್ನು, ಪ್ರಯೋಜನ ಕಾಣದೆ, ಮಧ್ಯದಲ್ಲೇ ನಿಲ್ಲಿಸಲಾಯಿತು.

ಈ ಕ್ಷೇತ್ರದಲ್ಲಿ ನಂಬಿಕೆಗೆ ಬಿದ್ದ ಪೆಟ್ಟನ್ನೂ ಹೇಳಬೇಕು. ಕೆನಡಾದಲ್ಲಿದ್ದ ಭಾರತ ಮೂಲದ ವಿಜ್ಞಾನಿ ರಂಜಿತ್ ಚಂದ್ರ, ವಿಟಮಿನ್ ಮಾತ್ರೆಗಳಿಂದ ವೃದ್ಧರ ಸೋಂಕಿನ ದಿನಗಳು ಅರ್ಧಕ್ಕೆ ಇಳಿಯುತ್ತವೆ ಎಂದು 1992ರಲ್ಲಿ ದ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ ಲೇಖನವನ್ನು ಎಲ್ಲರೂ ಉಲ್ಲೇಖಿಸುತ್ತಿದ್ದರು. ಆ ಪತ್ರಿಕೆ ಅದನ್ನು 2016ರಲ್ಲಿ ಹಿಂತೆಗೆದುಕೊಂಡಿತು. ನಡುವಿನ 24 ವರ್ಷ ಅದು ಎಷ್ಟು ಜಾಹೀರಾತುಗಳಿಗೆ ಬೆನ್ನೆಲುಬಾಗಿತ್ತೋ!

ಸೊರಗಿದ ಇಲಿಯಲ್ಲಿ ಕೆರಳಿದ ವೈರಸ್ಸು

ಇಷ್ಟೆಲ್ಲ ಚರ್ಚೆಯೂ ವೈರಸ್ ಬದಲಾಗುವುದಿಲ್ಲ, ಮೈ ಮಾತ್ರ ಬದಲಾಗುತ್ತದೆ ಎಂದು ಹಿಡಿದುಕೊಂಡಿದೆ. 1990ರ ದಶಕದಲ್ಲಿ ಈ ನಂಬಿಕೆಯೇ ಅಲುಗಾಡಿತು. ಈಶಾನ್ಯ ಚೀನಾದ ಕೆಶಾನ್ ಪ್ರದೇಶದಲ್ಲಿ 1935ರಿಂದ ದಾಖಲಾಗಿದ್ದ ಹೃದ್ರೋಗವೊಂದು ಮಕ್ಕಳನ್ನೂ ಹೆಂಗಸರನ್ನೂ ಕೊಲ್ಲುತ್ತಿತ್ತು. ಅಲ್ಲಿನ ಮಣ್ಣಿನಲ್ಲಿ ಸೆಲೆನಿಯಂ ಎಂಬ ಖನಿಜ ತೀರಾ ಕಡಿಮೆ, ಹಾಗಾಗಿ ಬೆಳೆದ ಧಾನ್ಯದಲ್ಲೂ ಇಲ್ಲ. ಸೆಲೆನಿಯಂ ಕೊಟ್ಟಾಗ ರೋಗ ಇಳಿಯಿತು. ಆದರೆ ಅದು ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ಏರಿಳಿಯುತ್ತಿದ್ದುದರಿಂದ ಇನ್ನೇನೋ ಕೈವಾಡವಿರಬೇಕು ಎನಿಸಿತು. ರೋಗಿಗಳಲ್ಲಿ ಸಿಕ್ಕಿದ್ದು ಕಾಕ್ಸಾಕಿ ವೈರಸ್‌ಗಳು. ಡೆಟ್ರಾಯಿಟ್‌ನ ತೊಟ್ಟಿಯಲ್ಲಿ ಈಜಿದ ಇಲಿಗಳ ಹೃದಯ ಹಿಂಡಿದ ಬಳಗದವೇ.

ಅಮೆರಿಕದ ಮೆಲಿಂಡಾ ಬೆಕ್, ಹೃದಯಕ್ಕೆ ಯಾವ ತೊಂದರೆಯನ್ನೂ ಮಾಡದ ಸಾಧು ತಳಿಯ ಕಾಕ್ಸಾಕಿ ಬಿ3 ವೈರಸ್ಸನ್ನು ಸೆಲೆನಿಯಂ ಇಲ್ಲದ ಆಹಾರ ತಿಂದ ಇಲಿಗಳಿಗೆ ಚುಚ್ಚಿದಳು. ಅವುಗಳ ಹೃದಯ ಹಾಳಾಯಿತು. ಅದು ನಿರೀಕ್ಷಿತ. ಆ ಇಲಿಗಳಿಂದ ವೈರಸ್ ತೆಗೆದು ಚೆನ್ನಾಗಿ ಉಂಡುತಿಂದ ಇಲಿಗಳಿಗೆ ಚುಚ್ಚಿದಾಗ ಅವುಗಳ ಹೃದಯವೂ ಹಾಳಾಯಿತು. ಸೊರಗಿದ ಮೈಯಲ್ಲಿ ಬೆಳೆಯುವಾಗ ವೈರಸ್ಸಿನ ವಂಶವಾಹಿಯಲ್ಲಿ ಆರು ಅಕ್ಷರಗಳು ಬದಲಾಗಿ ಅದು ಉಗ್ರವಾಗಿತ್ತು. ಇನ್‌ಫ್ಲುಯೆಂಜಾ ವೈರಸ್ಸಿನಲ್ಲೂ ಇಂಥದ್ದೇ ಬದಲಾವಣೆಯನ್ನು ಅವಳ ತಂಡ ಆಮೇಲೆ ಕಂಡಿತು. ಇಲಿಯಲ್ಲಿ ಕಂಡದ್ದರಿಂದ ಮನುಷ್ಯನ ಕುರಿತ ತೀರ್ಮಾನಕ್ಕೆ ಜಿಗಿಯುವುದು ಸುಲಭವಲ್ಲ, ನಿಜ. ಆದರೂ ಈ ಪ್ರಯೋಗದ ಅರ್ಥ ಗಂಭೀರ: ಒಬ್ಬರ ಹಸಿವು ಹೊಟ್ಟೆ ತುಂಬಿದವರ ಮನೆಗೂ ಕಾಯಿಲೆಯಾಗಿ ಬರಬಹುದು.

ಬೊಜ್ಜಿನ ಮೈಯದ್ದೂ ಇದೇ ರೀತಿಯ ಸಮಸ್ಯೆ. 2009ರ ಹಂದಿಜ್ವರದಲ್ಲಿ ಬೊಜ್ಜು ತನ್ನಷ್ಟಕ್ಕೇ ಅಪಾಯದ ಕಾರಣ ಎಂದು ಮೊದಲು ಸ್ಪಷ್ಟವಾಯಿತು. ನಾರ್ತ್ ಕ್ಯಾರೊಲಿನಾದಲ್ಲಿ ಫ್ಲೂ ಲಸಿಕೆ ಪಡೆದವರನ್ನು ಗಮನಿಸಿದಾಗ, ಬೊಜ್ಜಿನವರಲ್ಲಿ ಪ್ರತಿಕಾಯಗಳು ಸಾಕಷ್ಟಿದ್ದೂ ಫ್ಲೂ ಎರಡು ಪಟ್ಟು ಬಂದಿತ್ತು. ಟಿ ಕಣಗಳ ಕೆಲಸ ಮಂಕಾಗಿತ್ತು. ಬೊಜ್ಜಿನ ಇಲಿಗಳಲ್ಲಿ ಬೆಳೆದ ಫ್ಲೂ ವೈರಸ್ ಹೆಚ್ಚು ಉಗ್ರವಾಗುತ್ತದೆ ಎಂಬ ವರದಿ 2020ರಲ್ಲಿ ಬಂತು.

ಲಂಘನವೋ, ಗಂಜಿಯೋ

ಜ್ವರ ಬಂದಾಗ ಉಪವಾಸವೇ ಪರಮೌಷಧ ಎನ್ನುವ ಅಜ್ಜಿಯೂ, ರಾಗಿ ಗಂಜಿಯನ್ನಾದರೂ ಕುಡಿ ಎನ್ನುವ ಅಮ್ಮನೂ ಒಂದೇ ಮನೆಯಲ್ಲಿರುತ್ತಾರೆ. 1968ರಲ್ಲಿ ನೆವಿನ್ ಸ್ಕ್ರಿಮ್‌ಶಾ, ಜಾನ್ ಗೋರ್ಡನ್ ಮತ್ತು ಮಸ್ಸೂರಿಯಲ್ಲಿ ಹುಟ್ಟಿದ ಕಾರ್ಲ್ ಟೇಲರ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಹೆಬ್ಬೊತ್ತಿಗೆ, ಅಪೌಷ್ಟಿಕತೆ ಮತ್ತು ಸೋಂಕು ಒಂದನ್ನೊಂದು ಬೆಳೆಸುವ ವಿಷವರ್ತುಲವನ್ನು ಸಾಬೀತುಪಡಿಸಿದ ಗ್ರಂಥವೆಂದು ಹೆಸರಾಗಿದೆ. ಅದರಲ್ಲೇ ಒಂದು ಅಪವಾದವೂ ಇದೆ. ವೈರಸ್ ಬೆಳೆಯಲು ನಮ್ಮ ಜೀವಕೋಶದ ಸರಕನ್ನೇ ಬಳಸುವುದರಿಂದ, ಪ್ರಾಣಿಗಳಲ್ಲಿ ಕೆಲವು ಕೊರತೆಗಳು ವೈರಸ್ಸನ್ನೇ ಸೊರಗಿಸಿದ್ದೂ ಉಂಟು ಎಂದು ಅವರು ಗಮನಿಸಿದ್ದರು.

2016ರಲ್ಲಿ ಯೇಲ್‌ನ ರುಸ್ಲಾನ್ ಮೆಡ್ಜಿಟೊವ್ ತಂಡ ಅಜ್ಜಿ ಅಮ್ಮನ ಜಗಳವನ್ನು ಇಲಿಗಳ ಮುಂದಿಟ್ಟಿತು. ಬ್ಯಾಕ್ಟೀರಿಯಾ ಸೋಂಕಿನಿಂದ ಊಟ ಬಿಟ್ಟ ಇಲಿಗಳಿಗೆ ಬಲವಂತವಾಗಿ ಉಣಿಸಿದರೆ ಸತ್ತವು. ಫ್ಲೂ ತಗಲಿದ ಇಲಿಗಳಿಗೆ ಉಣಿಸಿದರೆ ಹೆಚ್ಚು ಬದುಕಿದವು, ಗ್ಲೂಕೋಸ್ ಬಳಕೆ ತಡೆದರೆ ಸತ್ತವು. ವೈರಸ್ಸಿನ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇದ್ದದ್ದು ಮಿದುಳು ಉರಿಯೂತದ ಹೊಡೆತವನ್ನು ತಾಳಿಕೊಳ್ಳುವುದರಲ್ಲಿ. ಇಲಿಗಳ ಮಟ್ಟಿಗೆ ಅಜ್ಜಿಯೂ ಸರಿ, ಅಮ್ಮನೂ ಸರಿ, ಜ್ವರ ಯಾವುದು ಎಂಬುದರ ಮೇಲೆ. ಮನುಷ್ಯರಲ್ಲಿ ಇದನ್ನು ಸರಿಯಾಗಿ ಪರೀಕ್ಷಿಸುವುದು ಬಾಕಿಯಿದೆ.

ಬಗೆಹರಿಯದೆ ಉಳಿದವು

ಮೊದಲನೆಯದು ಪ್ರಮಾಣದ ಪ್ರಶ್ನೆ. ವಾರಕ್ಕೆ 150ರಿಂದ 300 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೃದಯ, ಸಕ್ಕರೆ ಕಾಯಿಲೆ, ಒಟ್ಟಾರೆ ಆಯಸ್ಸನ್ನು ಮುಂದಿಟ್ಟುಕೊಂಡು. ವೈರಸ್ಸಿನೆದುರು ಅದೇ ಅಳತೆ ಸರಿಯೇ, ಕಡಿಮೆ ಸಾಕೇ, ಎಲ್ಲಿಂದಾಚೆ ಹಾನಿ ಎಂಬುದಕ್ಕೆ ಗೆರೆ ಎಳೆದವರಿಲ್ಲ. ಲಸಿಕೆ ಹಾಕಿಸಿಕೊಂಡ ದಿನ ಒಂದೂವರೆ ಗಂಟೆ ನಡೆದರೆ ಪ್ರತಿಕಾಯ ಹೆಚ್ಚುತ್ತದೆ ಎಂದು ಅಯೋವಾದ ಸಣ್ಣ ಅಧ್ಯಯನಗಳು 2022ರಲ್ಲಿ ಹೇಳಿದವು. ದೊಡ್ಡ ಗುಂಪಿನಲ್ಲಿ ಅದು ನಿಲ್ಲುತ್ತದೆಯೇ, ಹೆಚ್ಚಿದ ಪ್ರತಿಕಾಯದಿಂದ ಕಾಯಿಲೆ ಕಡಿಮೆಯಾಗುತ್ತದೆಯೇ ಎಂಬುದು ಬೇರೆ ಮಾತು.

ಎರಡನೆಯದು ಕಾಯಿಲೆ ಹೋದ ಮೇಲಿನ ವ್ಯಾಯಾಮ. ಕೋವಿಡ್ ನಂತರ ತಿಂಗಳುಗಟ್ಟಲೆ ಸುಸ್ತು ಬಿಡದವರಲ್ಲಿ ಕೆಲವರಿಗೆ ಹಂತಹಂತವಾದ ನಡಿಗೆ ಚೇತರಿಕೆ ತರುತ್ತದೆ. ಇನ್ನು ಕೆಲವರು ಒಂದು ದಿನ ಮೈ ದಂಡಿಸಿದರೆ ವಾರ ಮೇಲೇಳುವುದಿಲ್ಲ. ಇದೇ ಲಕ್ಷಣದ ದೀರ್ಘ ಆಯಾಸ ಕಾಯಿಲೆಗೆ, ವ್ಯಾಯಾಮವನ್ನು ಏರಿಸುತ್ತ ಹೋಗುವ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಯಾರು ಯಾವ ಗುಂಪಿನವರೆಂದು ಮೊದಲೇ ಗುರುತಿಸುವ ಪರೀಕ್ಷೆ ಇಲ್ಲ.

ಮೂರನೆಯದು ನಮ್ಮ ನೆಲಕ್ಕೆ ನೇರ ಸಂಬಂಧಿಸಿದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದರೊಳಗಿನ ಮಕ್ಕಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮಕ್ಕಳ ಬೆಳವಣಿಗೆ ಕುಂಠಿತ. ಹೆಂಗಸರಲ್ಲಿ ಸುಮಾರು ಶೇ 30 ಮಂದಿ ಅತಿತೂಕ ಅಥವಾ ಬೊಜ್ಜಿನವರು. ಕೊರತೆಯೂ ಹೆಚ್ಚುವರಿಯೂ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಮೈಯಲ್ಲಿ ಇರುತ್ತವೆ: ತೂಕ ಜಾಸ್ತಿ, ರಕ್ತ ಕಡಿಮೆ. ಅಂಥ ಮೈ ವೈರಸ್ಸನ್ನು ಹೇಗೆ ಎದುರಿಸುತ್ತದೆ ಎಂಬುದನ್ನು ಬರೀ ಕೊರತೆಯ ಅಧ್ಯಯನಗಳೂ ಬರೀ ಬೊಜ್ಜಿನ ಅಧ್ಯಯನಗಳೂ ಹೇಳಲಾರವು.

ದುಡಿಮೆ ವ್ಯಾಯಾಮವೇ ಎಂಬ ಪ್ರಶ್ನೆಯೂ ಹಾಗೆಯೇ ನಿಂತಿದೆ. ಬಿಡುವಿನ ವೇಳೆಯ ನಡಿಗೆ ಹೃದಯವನ್ನು ಕಾಯುವಂತೆ ಹೊಟ್ಟೆಪಾಡಿನ ಮೈದುಡಿಮೆ ಕಾಯುವುದಿಲ್ಲ ಎಂದು ಡೆನ್ಮಾರ್ಕಿನ ಸಂಶೋಧಕರು ವಾದಿಸುತ್ತಾರೆ, ಏಕೆಂದರೆ ದುಡಿಮೆಯಲ್ಲಿ ವಿಶ್ರಾಂತಿಯ ಆಯ್ಕೆ ಕೆಲಸಗಾರನ ಕೈಯಲ್ಲಿರುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಹೆಚ್ಚಾಗಿ ಹಿಡಿಯುವುದು ದರಗು, ಸೌದೆಗೆಂದು ಕಾಡಿಗೆ ಹೋಗುವ, ದಿನವಿಡೀ ಮೈಮುರಿದು ದುಡಿಯುವ ಮಲೆನಾಡಿನವರನ್ನೇ; ಉಣುಗು ಕಚ್ಚುವಾಗ ಮೈಕಟ್ಟು ನೋಡುವುದಿಲ್ಲ. ಆದರೆ ಕಚ್ಚಿದ ಮೇಲೆ? ಜೆ ನಕ್ಷೆ ಬರೆದದ್ದು ಕೇಪ್‌ಟೌನ್, ಅಮೆರಿಕದ ಓಟಗಾರರನ್ನು ನೋಡಿ. ಬಿಸಿಲಲ್ಲಿ ಎಂಟು ಗಂಟೆ ಬಗ್ಗಿ ನಾಟಿ ಮಾಡಿ, ಅನ್ನ ಸಾರು ಉಂಡು, ಐದು ಗಂಟೆ ನಿದ್ದೆ ಮಾಡುವ ಕೂಲಿ ಹೆಂಗಸು ಆ ನಕ್ಷೆಯ ತಗ್ಗಿನಲ್ಲಿದ್ದಾಳೋ, ಬಲತುದಿಯ ಏರಿನಲ್ಲಿದ್ದಾಳೋ ಎಂಬುದನ್ನು ತಿಳಿಯಬೇಕಾದರೆ ಅವಳ ಊಟ, ನಿದ್ದೆ, ದುಡಿಮೆ, ಜ್ವರದ ದಿನ ಎಲ್ಲವನ್ನೂ ಒಟ್ಟಿಗೇ ವರ್ಷಗಟ್ಟಲೆ ಬರೆದಿಡುವ ಅಧ್ಯಯನ ಬೇಕು.